ಗೆಳೆತನಕ್ಕೆ ಕರಾರು ಸಾಕೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ಊರುಗಳ ಬಸ್ ನಿಲ್ದಾಣದಲ್ಲಿ ಕಾಲೇಜಿನ ಹುಡುಗ ಹುಡುಗಿ ಹತ್ತು ನಿಮಿಷ ನಿಂತು ಮಾತನಾಡಿದರೆ, ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಅವರು ಮಾತನಾಡಿದ್ದು ಪರೀಕ್ಷೆಯ ಬಗ್ಗೆಯೇ ಇರಬಹುದು, ಅದು ಯಾರಿಗೂ ಬೇಕಿಲ್ಲ. ಹೆಣ್ಣು ಗಂಡಿನ ನಡುವೆ ಬರೀ ಗೆಳೆತನ ಇರಲಾರದು ಎಂಬುದು ಊರಿನ ತೀರ್ಪು. ಅದೇ ಮಕ್ಕಳ ಕೈಯಲ್ಲಿರುವ ಮೊಬೈಲು ಇನ್ನೊಂದು ತೀರ್ಪು ಕೊಡುತ್ತದೆ: ಗೆಳೆಯರಾಗಿದ್ದುಕೊಂಡೇ ಹಾಸಿಗೆ ಹಂಚಿಕೊಳ್ಳಬಹುದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಈ ಎರಡನೆಯ ಮಾತನ್ನೇ ಕಥೆ ಮಾಡಿಕೊಂಡ ಎರಡು ಹಾಲಿವುಡ್ ಚಿತ್ರಗಳು 2011ರಲ್ಲಿ ಬಂದವು: ‘ನೋ ಸ್ಟ್ರಿಂಗ್ಸ್ ಅಟ್ಯಾಚ್ಡ್’ ಮತ್ತು ‘ಫ್ರೆಂಡ್ಸ್ ವಿತ್ ಬೆನಿಫಿಟ್ಸ್’. ವಿಲ್ ಗ್ಲಕ್ ನಿರ್ದೇಶನದ ಎರಡನೆಯ ಚಿತ್ರದಲ್ಲಿ ಡಿಲನ್ ಮತ್ತು ಜೇಮಿ ನ್ಯೂಯಾರ್ಕಿನಲ್ಲಿ ಗೆಳೆಯರಾಗುತ್ತಾರೆ. ಇಬ್ಬರೂ ಹಿಂದಿನ ಪ್ರೇಮದಲ್ಲಿ ಸೋತವರು. ಇನ್ನು ಪ್ರೀತಿಯ ಗೊಡವೆ ಬೇಡ, ದೇಹಸುಖವಷ್ಟೇ ಸಾಕು ಎಂದು ಕರಾರು ಮಾಡಿಕೊಂಡು, ಆಣೆಯನ್ನೂ ಇಡುತ್ತಾರೆ. ಚಿತ್ರದಲ್ಲಿ ಪೋಲಿ ಮಾತಿಗೆ ಬರವಿಲ್ಲ.

ಆದರೆ ಪೋಲಿತನವೊಂದನ್ನೇ ಹಿಡಿದು ಬೈಯುವುದು ನಮ್ಮ ಉದ್ದೇಶವಲ್ಲ. ಈ ನೆಲದ ಲಾವಣಿಗೆ ಶೃಂಗಾರದ ಸಂಕೋಚ ಎಂದೂ ಇರಲಿಲ್ಲ. ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ವಾದ ಮಾಡಿ ಹಾಡಿವೆ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಕೂಡಿ ಜನಪದ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ಹೊರಬಂದವು. ನಾಡು ಅವರನ್ನು ಕರೆದದ್ದು ‘ಹಲಸಂಗಿ ಗೆಳೆಯರು’ ಎಂದು. ಗೆಳೆಯ ಎಂಬ ಮಾತಿಗೆ ಇಲ್ಲಿ ಅಷ್ಟು ತೂಕವಿತ್ತು. ನಮ್ಮ ಪ್ರಶ್ನೆ ಆ ತೂಕದ ಬಗ್ಗೆ.

ಇಬ್ಬರೂ ವಯಸ್ಕರು, ಇಬ್ಬರೂ ಒಪ್ಪಿದ್ದಾರೆ, ಮೂರನೆಯವರಿಗೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುಡುಗಿಯನ್ನು ಒಂದು ಮಾತೂ ಕೇಳದೆ ಮದುವೆ ಗೊತ್ತು ಮಾಡುವ ಮನೆಗಳು ನಮ್ಮ ನಡುವೆ ಇರುವಾಗ, ಒಪ್ಪಿಗೆಯ ಬೆಲೆಯನ್ನು ನಾವೂ ಕಲಿಯಬೇಕಾಗಿದೆ. ಆದರೆ ಒಪ್ಪಿಗೆ ಇದ್ದರೆ ಸಾಕೇ?

ಉತ್ತರ ಆ ಚಿತ್ರದಲ್ಲೇ ಇದೆ. ಡಿಲನ್ ಜೇಮಿಯನ್ನು ತನ್ನ ಊರಿಗೆ ಕರೆದೊಯ್ಯುತ್ತಾನೆ. ಅಲ್ಲಿ ಅಕ್ಕನ ಮುಂದೆ ಜೇಮಿಯ ಬಗ್ಗೆ ಹಗುರವಾಗಿ ಮಾತನಾಡುತ್ತಾನೆ. ಅದು ಅವಳ ಕಿವಿಗೆ ಬೀಳುತ್ತದೆ. ಕರಾರಿನ ಯಾವ ಷರತ್ತೂ ಅಲ್ಲಿ ಮುರಿದಿರಲಿಲ್ಲ. ಆದರೂ ಅವಳಿಗೆ ನೋವಾಯಿತು. ಏಕೆಂದರೆ ಅವನು ಅವಳ ಗೆಳೆಯನಾಗಿದ್ದ, ಮತ್ತು ಗೆಳೆಯನ ಮೇಲೆ ಹೇಳದೇ ಇರುವ ಹಕ್ಕೊಂದು ಇರುತ್ತದೆ. ಏನು ಮಾಡಬೇಕೆಂದು ಇಬ್ಬರು ಕೂತು ತೀರ್ಮಾನಿಸಬಹುದು. ಮಾಡಿದ ಮೇಲೆ ಮನಸ್ಸಿಗೆ ಏನಾಗಬೇಕೆಂದು ತೀರ್ಮಾನಿಸಲು ಬರುವುದಿಲ್ಲ.

ನಿಕಾಹ್ ಕೂಡ ಕರಾರೇ. ಆದರೆ ಅಲ್ಲಿ ಸಾಕ್ಷಿಗಳು ಬೇಕು, ಮಹರ್ ಗೊತ್ತಾಗಬೇಕು. ಯಾರು ಯಾರಿಗೆ ಬಾಧ್ಯರು ಎಂದು ಹೇಳಲಿಕ್ಕಾಗಿಯೇ ಆ ಕರಾರು. ಚಿತ್ರದ ಕರಾರು ಇರುವುದು ಯಾರೂ ಯಾರಿಗೂ ಬಾಧ್ಯರಲ್ಲ ಎಂದು ಹೇಳಲಿಕ್ಕೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಪರಂಪರೆ ನುಡಿ ಮತ್ತು ನಡೆ ಒಂದಾಗಿರಬೇಕು ಎನ್ನುತ್ತದೆ. ಬಾಯಲ್ಲಿ ‘ಬರೀ ಗೆಳೆಯರು’ ಎಂದು, ನಡೆಯಲ್ಲಿ ಬೇರೆಯಾದರೆ, ಮೋಸ ಮೊದಲು ತಮಗೇ.

ಸಿನಿಮಾದಲ್ಲಿ ಇದೆಲ್ಲ ಸುಲಭವಾಗಿ ಸರಿಹೋಗುತ್ತದೆ. ಕೊನೆಗೆ ರೈಲು ನಿಲ್ದಾಣದಲ್ಲಿ ಜನ ಕುಣಿಯುತ್ತಾರೆ, ಗೆಳೆಯರು ಪ್ರೇಮಿಗಳಾಗುತ್ತಾರೆ. ಸಿಂದಗಿಯ ನಿಲ್ದಾಣದಲ್ಲಿ ಯಾರೂ ಕುಣಿಯುವುದಿಲ್ಲ. ಹುಡುಗ ಮರುದಿನವೂ ಕಾಲೇಜಿಗೆ ಹೋಗುತ್ತಾನೆ. ಕಾಲೇಜು ಬಿಡಿಸುವುದು ಹುಡುಗಿಯನ್ನು. ಬರೀ ಮಾತನಾಡಿದವಳಿಗೂ ಅದೇ ಶಿಕ್ಷೆ, ಮೋಸಹೋದವಳಿಗೂ ಅದೇ ಶಿಕ್ಷೆ.

ಊರು ಗೆಳೆತನವನ್ನೆಲ್ಲ ಪ್ರೇಮಪ್ರಕರಣ ಎನ್ನುತ್ತದೆ. ಸಿನಿಮಾ ಪ್ರೇಮಪ್ರಕರಣವನ್ನು ಗೆಳೆತನ ಎನ್ನುತ್ತದೆ. ನಂಬಿಕೆಯಿಂದ ಇನ್ನೊಬ್ಬರ ಹೊರೆ ಹೊರುವುದೇ ಗೆಳೆತನ ಎಂಬುದನ್ನು ಎರಡೂ ಮರೆತಿವೆ. ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಂಡರೆ ಇದು ನೆನಪಾಗುವುದಿಲ್ಲ. ಬಸ್ ನಿಲ್ದಾಣದ ಸುದ್ದಿ ಮನೆಗೆ ಬಂದ ದಿನ ಮಗಳನ್ನು ಬೈಯುವ ಮೊದಲು ಕೂರಿಸಿಕೊಂಡು ಅವಳ ಮಾತು ಕೇಳೋಣ. ಮಗನನ್ನೂ ಕೂರಿಸಿಕೊಂಡು, ಗೆಳತಿ ಎಂದು ಕರೆದವಳಿಗೆ ನೀನು ಏನು ಬಾಧ್ಯ ಎಂದು ಕೇಳೋಣ. ಈ ಎರಡನೆಯ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಮನೆಗಳು ಕೇಳಿವೆ?