ಹಾಲು ಅವ್ವನದು, ಹೊತ್ತು ಯಾರದು?

ಕೂಸಿಗೆ ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಪ್ಪುತ್ತೇವೆ. ಆದರೆ ಬೆಳಗಾವಿಯ ಆಟೋ ನಗರದಂಥ ಕಡೆ ದಿನಗೂಲಿಗೆ ಹೋಗುವ ನಮ್ಮ ಅವ್ವ-ಅಕ್ಕಂದಿರಿಗೆ ಆ ಆರು ತಿಂಗಳು ಕೊಡೋರು ಯಾರು?

1981ರಲ್ಲಿ ಡಬ್ಬಿಹಾಲಿನ ಪ್ರಚಾರಕ್ಕೆ ಮೂಗುದಾರ ಹಾಕಲು 118 ದೇಶಗಳು ಹೂಂ ಅಂದವು; ಅಮೆರಿಕ ಒಂದೇ ಬ್ಯಾಡ ಅಂತು. 1992ರಲ್ಲಿ ನಮ್ಮಲ್ಲೂ ಕಾಯ್ದೆ ಬಂತು. ಡಬ್ಬಿಗೆ ಬೇಲಿ ಬಿತ್ತು, ಅವ್ವನ ಹೊತ್ತಿಗೆ ಬೀಳಲಿಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹತ್ತು ಮಂದಿಯೂ ಇಲ್ಲದ ಸಣ್ಣ ಅಂಗಡಿ, ಶೆಡ್ಡಿನ ಹೆಣ್ಣಾಳಿಗೆ ಅದು ಮುಟ್ಟಲಿಲ್ಲ. ನಾರ್ವೆಯ ತಾಯಿ ತಿಂಗಳುಗಟ್ಟಲೆ ಪಗಾರದ ರಜೆಯಲ್ಲಿ ಹಾಲೂಡುತ್ತಾಳೆ. ನಮ್ಮಾಕೆಗೆ ರಜೆ ಅಂದ್ರ ಒಲೆ ಉರಿಯದ ದಿನ.

ಗೆಳೆಯರೇ, ಅವಳಿಗೆ ಎದೆಹಾಲಿನ ಪಾಠ ಹೇಳುವ ಮೊದಲು ಕೂಲಿ ಕೊಡುವವನಿಗೂ ಸರಕಾರಕ್ಕೂ ಲೆಕ್ಕ ಕೇಳೋಣ.