ದೀಕ್ಷೆಯೂ ಹೊಣೆಯೂ



ಸಂಸ್ಕಾರವೆಂದರೇನು? ಮಂತ್ರ ನುಡಿದು, ಹಿರಿಯರ ಪಾದಕ್ಕೆರಗಿಸಿ, ಬಂಧುಗಳಿಗೆ ಉಣಬಡಿಸಿದ ಮಾತ್ರಕ್ಕೆ ಮಗುವಿನ ಸಂಸ್ಕಾರವು ಪೂರ್ಣವಾಯಿತೇ? ಬೆಳ್ಳಾವಿಯ ಮಠದ ಪಾಠಶಾಲೆಯಲ್ಲಿ ಈ ಪ್ರಶ್ನೆಯನ್ನು ನಾನು ಬಹುಕಾಲದಿಂದ ವಿದ್ಯಾರ್ಥಿಗಳ ಮುಂದಿಡುತ್ತ ಬಂದವನು. ಅದು ತಿರುಗಿ ನನ್ನ ಎದೆಗೇ ತಾಕಿದ್ದು ಅನ್ಯಮತದವರ ಒಂದು ಶುಭಕಾರ್ಯದಲ್ಲಿ.

ನನ್ನ ಹಳೆಯ ಶಿಷ್ಯನೊಬ್ಬನು ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ನೆರೆಮನೆಯವರು ಬೆನೆ ಇಸ್ರಾಯೇಲ್ ಎಂಬ ಪಂಗಡದ ಯೆಹೂದ್ಯರು. ನಾನು ಅಲ್ಲಿಗೆ ಹೋಗಿದ್ದಾಗ ಅವರ ಮನೆಯ ಹುಡುಗನಿಗೆ ಹದಿಮೂರು ವರ್ಷ ತುಂಬಿ, ‘ಬಾರ್ ಮಿಟ್ಸ್ವಾ’ ಎಂಬ ಸಂಸ್ಕಾರವು ನಡೆಯಲಿತ್ತು. ಆ ಮಾತಿಗೆ ‘ವಿಧಿಯ ಮಗ’, ಅಂದರೆ ಧರ್ಮದ ಆಜ್ಞೆಗೆ ಬದ್ಧನಾದವನು ಎಂದರ್ಥ. ನನ್ನನ್ನೂ ಕರೆದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗವಿರುವ ನಾನು ಅವರ ಮಂದಿರಕ್ಕೆ ಹೋಗುವುದು ಉಚಿತವೇ ಎಂದು ಅಳುಕಿದೆನು. ಹುಡುಗನ ಅಜ್ಜನವರು ಮರಾಠಿಯಲ್ಲಿ ಹೇಳಿದ ಮಾತನ್ನು ಶಿಷ್ಯನು ಕನ್ನಡಿಸಿದನು: “ನೀವು ದೇವರ ನೆನಪಿಗಾಗಿ ಮೈಮೇಲೆ ಗುರುತು ಧರಿಸಿದವರು. ನಾಳೆ ನಮ್ಮ ಹುಡುಗನೂ ಧರಿಸುತ್ತಾನೆ. ಅವಶ್ಯವಾಗಿ ಬನ್ನಿ.”

ಈ ಜನರ ಪೂರ್ವಿಕರು ಕೊಂಕಣದ ಹಳ್ಳಿಗಳಲ್ಲಿ ಗಾಣದ ಕಾಯಕದಿಂದ ಬಾಳಿದವರು. ವಾರದ ಏಳನೆಯ ದಿನ ಕೆಲಸ ಮಾಡಬಾರದೆಂಬುದು ಅವರ ವ್ರತ. ಆದುದರಿಂದ ಶನಿವಾರ ಗಾಣ ಹೂಡುತ್ತಿರಲಿಲ್ಲ. ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’, ಎಂದರೆ ಶನಿವಾರದ ಗಾಣಿಗರು ಎಂದು ಕರೆದರು. ನಮ್ಮ ನಾಡಿಗೂ ಅವರಿಗೂ ಒಂದು ನಂಟುಂಟು. ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಎಂಬ ಅವರ ಹಿರಿಯನೊಬ್ಬನು ಇಂಗ್ಲಿಷರ ಸೈನ್ಯದಲ್ಲಿದ್ದು ಟೀಪೂ ಸುಲ್ತಾನನ ಸೆರೆಗೆ ಸಿಕ್ಕಿದನೆಂದೂ, ಬದುಕಿ ಬಂದುದರ ಹರಕೆಗಾಗಿ ಮಂದಿರ ಕಟ್ಟಿಸಿದನೆಂದೂ ಅವರ ಪರಂಪರೆ ಹೇಳುತ್ತದೆ. ೧೭೯೬ರಲ್ಲಿ ಎದ್ದ ಆ ಮಂದಿರವೇ ಮುಂಬಯಿಯ ಮೊದಲ ಯೆಹೂದ್ಯ ಸಭಾಮಂದಿರ. ಅದರ ಹೆಸರಿಗೆ ‘ಕರುಣೆಯ ಬಾಗಿಲು’ ಎಂದರ್ಥ.

ಅಂದು ಗುರುವಾರ. ಸೋಮವಾರ, ಗುರುವಾರ, ಶನಿವಾರಗಳಲ್ಲಿ ಅವರು ಬೆಳಗಿನ ಪ್ರಾರ್ಥನೆಯಲ್ಲಿ ‘ತೋರಾ’ ಎಂಬ ಧರ್ಮಗ್ರಂಥದ ಪಾರಾಯಣ ಮಾಡುತ್ತಾರೆ. ಪ್ರಾಪ್ತವಯಸ್ಕರಾದ ಹತ್ತು ಮಂದಿ ಗಂಡಸರು ಕೂಡದೆ ಆ ಪಾರಾಯಣವು ನಡೆಯುವಂತಿಲ್ಲ; ಇನ್ನು ಮೇಲೆ ಈ ಹುಡುಗನೂ ಆ ಎಣಿಕೆಗೆ ಸಲ್ಲುವನು. ಅವನು ತೋಳಿಗೊಂದು, ಹಣೆಗೊಂದು ಕರಿಯ ಚರ್ಮದ ಪುಟ್ಟ ಸಂಪುಟವನ್ನು ಪಟ್ಟಿಯಿಂದ ಬಿಗಿದುಕೊಂಡನು. ಅವುಗಳೊಳಗೆ ಧರ್ಮವಾಕ್ಯಗಳನ್ನು ಬರೆದ ಚರ್ಮಪತ್ರವಿರುತ್ತದೆ. ತೋಳಿನದು ಹೃದಯದ ಸಮೀಪ, ಹಣೆಯದು ಬುದ್ಧಿಯ ಸಮೀಪ. ನನ್ನ ಕೈ ನನಗರಿಯದೆಯೇ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿತು.

ಗ್ರಂಥವು ಕೈಯಿಂದ ಬರೆದ ದೊಡ್ಡ ಸುರುಳಿ. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ರಾಗದ ಗುರುತುಗಳೂ ಇಲ್ಲ; ಮೊದಲೇ ಕಲಿತು ಬಂದವನೇ ಓದಬಲ್ಲನು. ಅಕ್ಷರವನ್ನು ಬೆರಳಿನಿಂದ ಮುಟ್ಟದೆ, ಕೈಯಾಕಾರದ ಬೆಳ್ಳಿಯ ಕಡ್ಡಿಯಿಂದ ಸಾಲು ಹಿಡಿದು ಹುಡುಗನು ಓದಿದನು. ಒಂದೆಡೆ ತಪ್ಪಿದಾಗ ಪಕ್ಕದ ಹಿರಿಯರು ಮೆಲ್ಲನೆ ತಿದ್ದಿದರು. ವೇದಪಾಠ, ವಚನಪಾಠಗಳಲ್ಲಿ ಕೂದಲು ನರೆಸಿಕೊಂಡ ನನಗೆ ಅದು ಪರಮ ಹಿತವಾಯಿತು.

ಬಳಿಕ ತಂದೆಯು ನಿಂತು ಒಂದು ಚಿಕ್ಕ ಪ್ರಾರ್ಥನೆ ಹೇಳಿದನು. ಈ ಮಗನ ತಪ್ಪಿಗೆ ತಾನು ಪಡಬೇಕಾಗಿದ್ದ ದಂಡನೆಯಿಂದ ಬಿಡಿಸಿದ ದೇವರಿಗೆ ಸ್ತೋತ್ರ ಎಂಬುದು ಅದರ ತಾತ್ಪರ್ಯ. ಕೇಳಿ ನನಗೆ ಕಸಿವಿಸಿಯಾಯಿತು. ಮಗನ ಹೊರೆ ಇಳಿಯಿತೆಂದು ಹಿಗ್ಗುವ ತಂದೆಯುಂಟೇ? ಅಜ್ಜನವರು ತಿಳಿಸಿದರು: “ಇಂದಿನವರೆಗಿನ ಲೆಕ್ಕ ತಂದೆಯದು, ಇನ್ನು ಮೇಲಿನದು ಮಗನದು. ಆದರೆ ಲೆಕ್ಕ ಒಪ್ಪಿಸುವ ಮುನ್ನ ಕಲಿಸಬೇಕಾದುದನ್ನು ಕಲಿಸಿದೆನೇ ಎಂದು ತಂದೆ ತನ್ನನ್ನು ತಾನೇ ಕೇಳಿಕೊಳ್ಳಬೇಕು.”

ಅನಂತರ ಹುಡುಗನೇ ಎದ್ದು, ತಾನು ಓದಿದ ಭಾಗದ ಅರ್ಥವನ್ನು ವಿವರಿಸಿದನು. ವೃದ್ಧರೊಬ್ಬರು ಪ್ರಶ್ನೆ ಹಾಕಿದರು. ಅವನು ತಡವರಿಸಿ, “ನನಗೂ ಅದೇ ಸಂದೇಹ” ಎಂದನು. ಯಾರೂ ಗದರಲಿಲ್ಲ. ಸಭೆ ನಕ್ಕು, ಅವನ ಮೇಲೆ ಮಿಠಾಯಿ ಎರಚಿತು. ಮನೆಯಲ್ಲಿ ಪ್ರವಾದಿ ಎಲೀಯನ ಹೆಸರಿನಲ್ಲಿ ‘ಮಲೀದಾ’ ಮಾಡಿದ್ದರು. ಅದು ಅವಲಕ್ಕಿ, ತೆಂಗಿನತುರಿ, ಸಿಹಿ, ಹಣ್ಣುಗಳು ಕೂಡಿದ ಪ್ರಸಾದ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದೆನು. ಆದರೆ ತುತ್ತು ಗಂಟಲಲ್ಲಿ ಇಳಿಯದಾಯಿತು. ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ.

ನನ್ನ ಮಗನಿಗೆ ಎಂಟನೆಯ ವರ್ಷದಲ್ಲಿ ದೀಕ್ಷೆಯಾಯಿತು. ಹದಿಮೂರನೆಯ ವಯಸ್ಸಿನಲ್ಲಿ ಒಂದು ಸಂಜೆ ಅವನು, “ಅಪ್ಪಾ, ಶಿವನು ಎಲ್ಲೆಲ್ಲಿಯೂ ಇರುವಾಗ ಅಂಗೈಯಲ್ಲಿ ಈ ಲಿಂಗವೇಕೆ?” ಎಂದು ಕೇಳಿದನು. ಮನೆಯಲ್ಲಿ ನಾಲ್ವರು ಹಿರಿಯರಿದ್ದರು. ನನಗೆ ಮುಖಭಂಗವಾದಂತೆನಿಸಿ, “ಸುಮ್ಮನೆ ಪೂಜೆ ಮಾಡು” ಎಂದು ಗದರಿಸಿದೆನು. ಅವನು ಸುಮ್ಮನಾದನು. ಕಾಲಕ್ರಮದಲ್ಲಿ ಪೂಜೆಯೂ ನಿಂತಿತು. ಈಗ ಅವನು ಬೆಂಗಳೂರಿನಲ್ಲಿದ್ದಾನೆ. ಅವನ ಕರಡಿಗೆಯು ನಮ್ಮ ಮನೆಯ ದೇವರ ಗೂಡಿನಲ್ಲಿದೆ.

ಬಂಧುಗಳೇ, ಬಾಲಕ ಬಸವಣ್ಣನು ಉಪನಯನವನ್ನು ಒಲ್ಲೆನೆಂದು ಮನೆ ತೊರೆದು ಕೂಡಲಸಂಗಮಕ್ಕೆ ನಡೆದ ಕಥೆಯನ್ನು ನಾವು ಪೀಠದಿಂದ ಹೊಗಳುತ್ತೇವೆ. ಮನೆಯ ಬಾಲಕನು ಪ್ರಶ್ನಿಸಿದರೆ ಬಾಯಿ ಮುಚ್ಚಿಸುತ್ತೇವೆ. ಶೂನ್ಯಸಂಪಾದನೆಯೆಂಬ ಮಹಾಗ್ರಂಥವು ಶರಣರ ಪ್ರಶ್ನೋತ್ತರಗಳಿಂದಲೇ ಹೆಣೆದುದಲ್ಲವೇ? ಅಲ್ಲಿ ಅಲ್ಲಮಪ್ರಭುವು ಶರಣರಿಗೆ ಕಠಿಣ ಪ್ರಶ್ನೆಗಳನ್ನು ಹಾಕುತ್ತಾನೆ. ಇಷ್ಟಲಿಂಗವು ಅರಿವಿನ ಕುರುಹು. ಅರಿವನ್ನು ಕೊಡದೆ ಕುರುಹನ್ನು ಮಾತ್ರ ಕಟ್ಟಿದರೆ ಅದು ಕೊರಳಿಗೆ ಭಾರವೇ ಹೊರತು ಬಾಳಿಗೆ ಬೆಳಕಲ್ಲ. ದೀಕ್ಷೆಯನ್ನು ಗುರುವು ಕೊಡುತ್ತಾನೆ. ಅದರ ಹೊಣೆಯನ್ನು ಮಗುವು ತಾನೇ ಹೊರುವಂತೆ ಮಾಡುವುದು ತಾಯಿತಂದೆಯರ ಕಾಯಕ. ಇದನ್ನು ನನಗೆ ಕಲಿಸಲು ಯೆಹೂದ್ಯರ ಮನೆಯ ಹುಡುಗನು ಬೇಕಾಯಿತು.

ಕಳೆದ ಶಿವರಾತ್ರಿಗೆ ಮಗನು ಊರಿಗೆ ಬಂದಿದ್ದನು. “ಅಂದು ಗದರಿಸಿದ್ದು ನನ್ನ ತಪ್ಪು. ಈಗ ಕೇಳು, ಮಗು” ಎಂದೆನು. ಅವನು ಬಹಳ ಹೊತ್ತು ನೆಲ ನೋಡುತ್ತ ಕುಳಿತನು. ಕೊನೆಗೆ ಕೇಳಿದ್ದು ಹಳೆಯ ಪ್ರಶ್ನೆಯನ್ನಲ್ಲ, ಅದಕ್ಕಿಂತ ಕಠಿಣವಾದ ಇನ್ನೊಂದನ್ನು. ಜಾಗರಣೆಯ ರಾತ್ರಿಯೆಲ್ಲ ನಾವಿಬ್ಬರೂ ಮಾತಾಡಿದೆವು. ಕೆಲವಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆನು. ಅವನು ಕರಡಿಗೆಯನ್ನು ಇನ್ನೂ ಧರಿಸಿಲ್ಲ. ಧರಿಸೆಂದು ನಾನೂ ಹೇಳಲಿಲ್ಲ. ಬೆಳಿಗ್ಗೆ ಹೊರಡುವಾಗ ಗೂಡಿನ ಮುಂದೆ ನಿಂತು, ಅದರ ಮೇಲಿನ ಧೂಳನ್ನು ಒರೆಸಿ ಹೋದನು.

ನಿಮ್ಮ ಮನೆಯಲ್ಲಿಯೂ ಮಗುವೊಂದು ಕೇಳಲು ಕಾದಿರಬಹುದು. ಕೇಳಗೊಡಿರಿ.