ಎರಡು ದಾರಿಲೆ ಬಂದದ್ದು

ಬಾಗಲಕೋಟೆ ಹತ್ತಿರದ ಶಿರೂರು. ನರ್ಸ್ ಕೆಲಸದಿಂದ ನಿವೃತ್ತಳಾದ ಅಕ್ಕ ತವರಿಗೆ ಬಂದಿದ್ದಾಳೆ. ತಮ್ಮ ನೇಕಾರ, ಅವನ ಮಗಳು ಹತ್ತನೇ ತರಗತಿ.

ತಮ್ಮ: ಹುಡುಗಿ ರಾತ್ರಿ ಮಲಗಂಗಿಲ್ಲ, ಉಣ್ಣಂಗಿಲ್ಲ, ಯಾರ ಕೂಡನೂ ಮಾತಿಲ್ಲ. ಅವ್ವನ ರಕ್ತ ಅಕ್ಕಾ ಅದು. ರಕ್ತದಾಗ ಬಂದದ್ದನ್ನ ಯಾರು ತೊಳೀಬೇಕು?

ಅಕ್ಕ: ಅವ್ವಗ ಖಿನ್ನತೆ ಇತ್ತು, ಖರೆ. ಆದ್ರ ರಕ್ತದಾಗ ಬರೂದು ರೋಗ ಅಲ್ಲೋ, ರೋಗಕ್ಕ ಲಗೂನ ಸಿಗೂ ಸ್ವಭಾವ. ಅದೂ ಒಂದ ಜೀನ್‌ನಿಂದ ಅಲ್ಲ, ನೂರಾರು. ಒಂದೊಂದರ ಪಾಲು ಭಾಳ ಸಣ್ಣದು.

ತಮ್ಮ: ಹಂಗಾರ ತಪ್ಪೆಲ್ಲಾ ನನ್ನ ಮನೀದು ಅಂತೀಯೇನ?

ಅಕ್ಕ: ತಪ್ಪು ಹುಡುಕಾಕ ನಾ ಬಂದಿಲ್ಲ. ಫಿನ್ಲೆಂಡಿನಾಗ ತಿಯೆನಾರಿ ಅನ್ನೂ ಡಾಕ್ಟರು, ಸ್ಕಿಜೋಫ್ರೇನಿಯಾ ಅನ್ನೂ ಬ್ಯಾರೆ ಮನೋರೋಗ ಇದ್ದ ತಾಯಂದಿರ ಮಕ್ಕಳು ದತ್ತು ಹೋದಮ್ಯಾಲ ಏನಾದ್ರು ಅಂತ ವರ್ಷಗಟ್ಟಲೆ ನೋಡಿದ್ರು. ಜಗಳ, ಹಗೆ ತುಂಬಿದ ಮನಿ ಸೇರಿದವರಿಗೆ ಅಂಥಾ ಕಾಯಿಲೆ ಹೆಚ್ಚು ಬಂತು, ನೆಮ್ಮದಿ ಮನಿ ಸೇರಿದವರಿಗೆ ಭಾಳ ಕಡಿಮಿ. ತಾಯಿಗೆ ಆ ರೋಗ ಇಲ್ಲದ ದತ್ತು ಮಕ್ಕಳು ಕೆಟ್ಟ ಮನ್ಯಾಗೂ ತಡಕೊಂಡ್ರು.

ತಮ್ಮ: ಅಂದ್ರ ರಕ್ತದ ಪಾಲು ಎಷ್ಟು, ಮನಿ ಪಾಲು ಎಷ್ಟು?

ಅಕ್ಕ: ಮಗ್ಗದ ಮುಂದ ಕುಂದ್ರಾವ ನೀ. ನೇದ ಸೀರಿ ಗಟ್ಟಿ ಇರೂದು ಹಾಸಿನಿಂದೋ, ಹೊಕ್ಕಿನಿಂದೋ? ಸಾವಿರಾರು ಅವಳಿಗಳನ್ನ ನೋಡಿ, ಮಂದಿ ಮಂದಿ ನಡುವಿನ ಫರಕಿನಾಗ ವಂಶದ್ದು ನೂರಕ್ಕ ಸುಮಾರು 37 ಅಂತ ಖಿನ್ನತೆಗೆ ಲೆಕ್ಕ ಹಾಕ್ಯಾರ. ನಿನ್ನ ಮಗಳೊಬ್ಬಾಕಿ ಒಳಗ ಆ ಲೆಕ್ಕ ನಡಿಯಂಗಿಲ್ಲ. ಇನ್ನೊಂದು ಕೇಳು. ಅವ್ವನ ಅಂಜಿಕಿ ನಿನಗೂ ಬಂದೈತಿ. ಮಗಳಿಗೆ ನೀ ಜೀನೂ ಕೊಟ್ಟಿ, ಮನೀನೂ ಕೊಟ್ಟಿ. ಅಕಿ ಸುಮ್ಮನ ಕುಂತ್ರ ನೀ ಅಂಜತಿ, ಅಂಜಿ ಒದರತಿ, ಅಕಿ ಇನ್ನಷ್ಟು ಒಳಗ ಸರೀತಾಳ.

ತಮ್ಮ: ...ನಾನೂ ಸರಿಯಾಗಿ ನಿದ್ದಿ ಮಾಡಿ ತಿಂಗಳಾತು. ಪರೀಕ್ಷೆ ಮುಗೀಲಿ, ಆಮ್ಯಾಲ ಅಕಿನ್ನ ತೋರಿಸಿದ್ರಾತು ಅಂದಿದ್ದೆ.

ಅಕ್ಕ: ಅಮೆರಿಕಾದಾಗ ಖಿನ್ನತೆಗೆ ಔಷಧ ತಗೊಂಡ ತಾಯಂದಿರ ಮಕ್ಕಳನ್ನ ವೈಸ್‌ಮನ್ ಅನ್ನಾಕಿ ನೋಡಿ 2006ರಾಗ ಬರದ್ಲು. ಮೂರು ತಿಂಗಳಾಗ ತಾಯಿ ಚೇತರಿಸಿಕೊಂಡ ಮನ್ಯಾಗ, ಮೊದಲ ಕಾಯಿಲೆ ಇದ್ದ ಮಕ್ಕಳೊಳಗ ನೂರಕ್ಕ 33 ಮಂದಿ ಗುಣ ಆದ್ರು. ತಾಯಿಗೆ ಕಮ್ಮಿ ಆಗದ ಮನ್ಯಾಗ 12. ಮಕ್ಕಳ ಜೀನ್ ಎರಡೂ ಕಡೆ ಇದ್ದಂಗ ಇದ್ದುವು.

ತಮ್ಮ: ಅವ್ವಗ ಯಾರೂ ಔಷಧ ಕೊಡಿಸಲಿಲ್ಲ.

ಅಕ್ಕ: ಗಾಳಿ ಬಡದೈತಿ ಅಂದ್ರು. ಹತ್ತು ವರ್ಷ ಅಕಿ ಒಲಿ ಮುಂದ ಕುಂತು ಅತ್ಲು, ನಾವಿಬ್ಬರೂ ನೋಡಕೋತ ಬೆಳದ್ವಿ. ಈಗ 14416ಕ್ಕ ಫೋನ್ ಹಚ್ಚಿದ್ರ ಟೆಲಿ ಮಾನಸ್‌ನವರು ಕನ್ನಡದಾಗ ಮಾತಾಡ್ತಾರ, ರೊಕ್ಕಾನೂ ಬ್ಯಾಡ.

ತಮ್ಮ: ನಾಳೆ ಬಾಗಲಕೋಟಿ ಜಿಲ್ಲಾ ಆಸ್ಪತ್ರಿಗೆ ಅಕಿನ್ನ ಕರಕೊಂಡು ಹೋಗೂಣು.

ಅಕ್ಕ: ಹೋಗೂಣು. ಚೀಟಿ ಎರಡು ಮಾಡಸು.